ಟೊಮೆಟೊ ಇಲ್ಲದ ಮನೆ

ಅಕ್ಕನ ಮನೆಗೆ ಟೊಮೆಟೊ ಬಾರದೆ ಮೂರು ವರ್ಷ ದಾಟಿತು.

ಬೇರೆ ಜಿಲ್ಲೆಯವರಿಗೆ ಇದರಲ್ಲೇನು ದೊಡ್ಡ ವಿಷಯ ಅನ್ನಿಸಬಹುದು. ಕೋಲಾರದವರಿಗೆ ಗೊತ್ತು. ಇಲ್ಲಿ ಮಗಳ ಮದುವೆ ಈ ವರ್ಷವೋ ಮುಂದಿನ ವರ್ಷವೋ ಅನ್ನುವುದನ್ನು ಟೊಮೆಟೊ ರೇಟು ಹೇಳುತ್ತದೆ. ಎಪಿಎಂಸಿ ಮಂಡಿಯಲ್ಲಿ ಹರಾಜು ಶುರುವಾದರೆ ಹದಿನೈದು ಕೆ.ಜಿ. ಬಾಕ್ಸ್ ಎಷ್ಟಕ್ಕೆ ಹೋಯಿತು ಅನ್ನುವುದು ಹತ್ತು ನಿಮಿಷದಲ್ಲಿ ಎಲ್ಲರ ಫೋನಿಗೂ ಬಂದಿರುತ್ತದೆ. 2023ರ ಜುಲೈನಲ್ಲಿ ಒಂದು ಬಾಕ್ಸ್ ಎರಡು ಸಾವಿರ ದಾಟಿದಾಗ ಜನ ರಾತ್ರಿ ತೋಟದಲ್ಲಿ ಮಲಗಿ ಕಾವಲು ಕಾದರು. ರೇಟು ಬಿದ್ದ ವರ್ಷ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ಬಿಸಿಲಿಗೆ ಅದು ಕೊಳೆತು ಒಂದು ಹುಳಿ ವಾಸನೆ ಏಳುತ್ತದೆ. ಅದು ನಮ್ಮ ಊರಿನ ವಾಸನೆ.

ನನ್ನ ಭಾವ ಆ ವಾಸನೆ ಬಂದರೆ ಬೆವರುತ್ತಾರೆ. ಕೈ ನಡುಗುತ್ತದೆ. ಎದ್ದು ಹೊರಗೆ ಹೋಗಿಬಿಡುತ್ತಾರೆ. ಅದಕ್ಕೇ ಅಕ್ಕ ಸಾರಿಗೆ ಹುಣಸೆಹಣ್ಣು ಹಾಕುತ್ತಾಳೆ, ಪಲ್ಯಕ್ಕೆ ನಿಂಬೆಹುಳಿ ಹಿಂಡುತ್ತಾಳೆ. ನೆಂಟರು ಯಾರಾದರೂ ತೋಟದಿಂದ ಹಣ್ಣು ತಂದರೆ ಗೇಟಿನಲ್ಲೇ ತಡೆದು ಪಕ್ಕದ ಮನೆಗೆ ಕೊಡುತ್ತಾಳೆ.

ಭಾವ ಇಪ್ಪತ್ತೆರಡು ವರ್ಷ ಟೊಮೆಟೊ ಲೋಡು ಹೊಡೆದವರು. ಕೋಲಾರದಿಂದ, ವಡ್ಡಹಳ್ಳಿಯಿಂದ ಚೆನ್ನೈನ ಕೊಯಂಬೇಡು ಮಾರ್ಕೆಟ್ಟಿಗೆ. ಮುಳಬಾಗಿಲು, ನಂಗಲಿ ದಾಟಿ ಪಲಮನೇರು, ಅಲ್ಲಿಂದ ಮೊಗಿಲಿ ಘಾಟ್ ಇಳಿದರೆ ಚಿತ್ತೂರು. ಈ ದಾರಿಯಲ್ಲಿ ಎಲ್ಲೆಲ್ಲಿ ಗುಂಡಿ ಇದೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದರು. 2022ರ ಜೂನ್‌ನಲ್ಲಿ ಒಂದು ರಾತ್ರಿ ಘಾಟ್ ಇಳಿಯುವಾಗ ಹಿಂದಿನಿಂದ ಬ್ರೇಕ್ ಹೋದ ಲಾರಿಯೊಂದು ಗುದ್ದಿತು. ಕ್ಯಾಂಟರ್ ಬಂಡೆಗೆ ಹೋಗಿ ಹೊಡೆಯಿತು. ಕ್ರೇಟುಗಳು ಕ್ಯಾಬಿನ್ ಒಡೆದು ಒಳಗೆ ಬಂದವು. ಒಂದೂವರೆ ಗಂಟೆ ಭಾವ ಸ್ಟೀರಿಂಗ್ ಮತ್ತು ಸೀಟಿನ ಮಧ್ಯೆ ಸಿಕ್ಕಿಕೊಂಡಿದ್ದರು, ಎದೆ ಮಟ್ಟ ಜಜ್ಜಿದ ಟೊಮೆಟೊ. ಪಕ್ಕದಲ್ಲಿ ಕ್ಲೀನರ್ ಹುಡುಗ. ಅಕ್ಕನ ಮನೆಯಿಂದ ಮೂರನೇ ಮನೆಯವನು. ಅವನು ಮೊದಲ ಅರ್ಧ ಗಂಟೆ ಮಾತಾಡುತ್ತಿದ್ದನಂತೆ.

ಆ ವರ್ಷ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, 4,43,366 ಜನ ಗಾಯಗೊಂಡರು ಅಂತ ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ಹುಡುಗ ಮೊದಲ ಲೆಕ್ಕದಲ್ಲಿ ಇದ್ದಾನೆ. ಭಾವ ಎರಡನೆಯದರಲ್ಲಿ. ಕಾಲಿನ ಮೂಳೆ ಕೂಡಿತು ಅಂತ ಅವರ ಫೈಲು ಮುಚ್ಚಿತು.

ಆಮೇಲೆ ಶುರುವಾಗಿದ್ದು ನಿಜವಾದ ಕಷ್ಟ. ರಾತ್ರಿ ಎರಡು ಗಂಟೆಗೆ ಕಿರುಚಿ ಎದ್ದು ಕೂರುವುದು. ಎಲ್ಲಿ ಹೋದರೂ ಬಾಗಿಲ ಪಕ್ಕದಲ್ಲೇ ಕೂರುವುದು. ಹೊರಗೆ ಗಾಡಿ ರಿವರ್ಸ್ ತೆಗೆಯುವ ಸದ್ದು ಬಂದರೆ ಮೈಯೆಲ್ಲ ಬಿಗಿ. ಆಡಿಸಿ ಬೆಳೆಸಿದ ಮಗನ ಮೇಲೆ ಸುಮ್ನೆ ರೇಗುವುದು. ಗಾಳಿ ಸೋಕಿದೆ ಅಂತ ಅತ್ತೆಯವರು ತಡೆ ಹೊಡೆಸಿದರು, ತಾಯತ ಕಟ್ಟಿಸಿದರು, ಕುರುಡುಮಲೆ ಗಣಪತಿಗೆ ಹರಕೆ ಹೊತ್ತರು. ನಾನು ಅದನ್ನು ತಪ್ಪು ಅನ್ನುವುದಿಲ್ಲ. ಅವರ ಕೈಯಲ್ಲಿ ಇದ್ದಿದ್ದನ್ನು ಅವರು ಮಾಡಿದರು.

ನಾನು ಏನು ಮಾಡಿದೆ ಅನ್ನುವುದೂ ಹೇಳಬೇಕು. ನನ್ನದು ಕೋಲಾರದಲ್ಲಿ ಒಂದು ಮೆಡಿಕಲ್ ಶಾಪ್. ನಿದ್ದೆ ಬರಲ್ಲ ಅಂದಿದ್ದಕ್ಕೆ ಆಸ್ಪತ್ರೆಯೊಂದರಲ್ಲಿ ಭಾವನಿಗೆ ಕ್ಲೋನಾಜೆಪಾಮ್ ಬರೆದುಕೊಟ್ಟಿದ್ದರು. ಏಳು ತಿಂಗಳು ಚೀಟಿ ಹೊಸದು ಮಾಡಿಸಿಕೊಂಡು ಬರುತ್ತಿದ್ದರು, ನಾನು ರಿಜಿಸ್ಟರಿನಲ್ಲಿ ಬರೆದು ಸ್ಟ್ರಿಪ್ ಕೈಗಿಡುತ್ತಿದ್ದೆ. ಆಘಾತದಿಂದ ಬಂದ ಕಾಯಿಲೆಗೆ ಈ ಗುಂಪಿನ ಮಾತ್ರೆ ಕೊಡಬಾರದು ಅಂತ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ನಾನು ಓದಿದ್ದು ಆಮೇಲೆ. ಮಾತ್ರೆ ತಿಂದ ರಾತ್ರಿ ಭಾವ ಮಲಗುತ್ತಿದ್ದರು. ಎದ್ದಾಗ ಮೊಗಿಲಿ ಘಾಟ್ ಹಾಗೇ ಇರುತ್ತಿತ್ತು.

ಕೊನೆಗೆ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ಮನೋವೈದ್ಯರು ಕಾಯಿಲೆಗೆ ಹೆಸರು ಹೇಳಿದರು. ಪಿಟಿಎಸ್‌ಡಿ. ಆಘಾತ ಕಳೆದ ಮೇಲೂ ಮೈಯೊಳಗೆ ಉಳಿಯುವ ಕಾಯಿಲೆ. 1980ರಲ್ಲಿ ಅಮೆರಿಕದ ಮನೋವೈದ್ಯರು ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರನ್ನು ನೋಡಿ ನೋಡಿ ತಮ್ಮ ರೋಗಪಟ್ಟಿಯ ಪುಸ್ತಕಕ್ಕೆ ಸೇರಿಸಿದ ಹೆಸರು. ಕ್ಲೋನಾಜೆಪಾಮ್ ನಿಧಾನಕ್ಕೆ ಇಳಿಸಿ, ಖಿನ್ನತೆ, ಆತಂಕಕ್ಕೆ ಕೊಡುವ ಎಸ್ಸಿಟಲೋಪ್ರಾಮ್ ಶುರು ಮಾಡಿದರು. ಸ್ವಲ್ಪ ತಡೆಯಿತು. ಪೂರ್ತಿ ಅಲ್ಲ.

ಹೀಗಿರುವಾಗ ಹೋದ ವರ್ಷ ಆ ಬಾಟಲಿ ಬಂತು.

ಅಕ್ಕನ ಮಗ ಡಿಗ್ರಿ ಓದುತ್ತಿದ್ದಾನೆ. ಅಪ್ಪನಿಗೆ ಏನಾದರೂ ಮಾಡಬೇಕು ಅಂತ ರಾತ್ರಿಯೆಲ್ಲ ಫೋನಿನಲ್ಲಿ ಹುಡುಕಿದ್ದಾನೆ. ಒಬ್ಬ ವೈದ್ಯರ ಜೊತೆ ಐದು ನಿಮಿಷ ವಿಡಿಯೋ ಕಾಲ್, ಚೀಟಿ, ಕೊರಿಯರ್. ಮನೆಯಲ್ಲಿ ಬೈದಾರು ಅಂತ ನನ್ನ ಅಂಗಡಿ ವಿಳಾಸ ಕೊಟ್ಟಿದ್ದ. ಕೈಬೆರಳುದ್ದದ ಕಂದು ಗಾಜಿನ ಬಾಟಲಿ, ರಬ್ಬರ್ ಮುಚ್ಚಳದ ಡ್ರಾಪರ್. ಬೆಳಕಿಗೆ ಹಿಡಿದರೆ ಒಳಗೆ ಹಸಿರುಗಪ್ಪು ಎಣ್ಣೆ ನಿಧಾನಕ್ಕೆ ಗಾಜು ಬಿಟ್ಟು ಇಳಿಯುತ್ತಿತ್ತು. ಮೂವತ್ತು ಎಂ.ಎಲ್., ಮೂರೂವರೆ ಸಾವಿರ ರೂಪಾಯಿ. ಲೇಬಲ್ ಮೇಲೆ ‘ವಿಜಯ ಸಾರ, 1000 ಮಿ.ಗ್ರಾಂ’ ಅಂತ ಇತ್ತು.

‘ಮಾಮ, ಇದು ಗಾಂಜಾ ಅಲ್ವಂತೆ. ಅದರಲ್ಲಿರೋ ಒಳ್ಳೇದು ಮಾತ್ರ ಅಂತೆ. ಸಿಬಿಡಿ ಅಂತಾರೆ. ಅಮೆರಿಕದಲ್ಲಿ ಮಿಲಿಟ್ರಿಯವರಿಗೆ ಇದರಿಂದಲೇ ವಾಸಿಯಾಗ್ತಿದೆಯಂತೆ. ಅಪ್ಪನಿಗೆ ಕೊಡೋಣ್ವಾ?’

ಅವನ ಕಣ್ಣು ನೋಡಿ ಬೇಡ ಅನ್ನಲು ಆಗಲಿಲ್ಲ. ಹೂಂ ಅನ್ನಲೂ ಆಗಲಿಲ್ಲ. ‘ಒಂದು ತಿಂಗಳು ಟೈಮ್ ಕೊಡು, ಓದಿ ಹೇಳ್ತೀನಿ’ ಅಂದೆ. ಒಂದು ತಿಂಗಳು ಅಂದಿದ್ದು ಐದು ತಿಂಗಳಾಯಿತು. ಅಂಗಡಿ ಶಟರ್ ಎಳೆದ ಮೇಲೆ ರಾತ್ರಿ ಕೂತು ಸಂಶೋಧನಾ ವರದಿಗಳನ್ನು ಒಂದೊಂದಾಗಿ ಓದಿದೆ. ಅರ್ಥವಾಗದ್ದನ್ನು ಮತ್ತೆ ಓದಿದೆ. ಇದೇ ದಾರಿಯಲ್ಲಿ ಇರುವ ಮನೆಗಳಿಗೆ ಉಪಯೋಗ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಸ್ತು ಯಾವುದು ಅಂತ ನೋಡೋಣ. ನಮ್ಮ ಹಿರಿಯರು ಭಂಗಿ ಅನ್ನುತ್ತಿದ್ದ ಗಿಡದಲ್ಲಿ ನೂರಕ್ಕಿಂತ ಜಾಸ್ತಿ ಬಗೆಯ ಒಂದೇ ಜಾತಿಯ ರಾಸಾಯನಿಕಗಳಿವೆ. ಅಮಲು ಏರಿಸುವುದು ಟಿಎಚ್‌ಸಿ. ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ, ಅಮಲು ಕೊಡುವುದಿಲ್ಲ. ಇದನ್ನು 1940ರಲ್ಲಿ ಅಮೆರಿಕದ ರೋಜರ್ ಆಡಮ್ಸ್ ಬೇರ್ಪಡಿಸಿದರು. ಅದರ ರಚನೆಯನ್ನು 1963ರಲ್ಲಿ ಇಸ್ರೇಲಿನ ರಫಾಯೆಲ್ ಮೆಕೂಲಮ್ ಬಿಡಿಸಿ ತೋರಿಸಿದರು. ಚಟ ಹಿಡಿಸುವ ಗುಣ ಇದರಲ್ಲಿ ಕಾಣುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೂ ಹೇಳಿದೆ. ಮಕ್ಕಳಲ್ಲಿ ಬರುವ ಕೆಲವು ಗಟ್ಟಿ ಮೂರ್ಛೆರೋಗಗಳಿಗೆ ಶುದ್ಧ ಸಿಬಿಡಿಯಿಂದ ಮಾಡಿದ ಎಪಿಡಿಯೋಲೆಕ್ಸ್ ಎಂಬ ಔಷಧಿಗೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅಲ್ಲಿ ಪುರಾವೆ ಗಟ್ಟಿಯಾಗಿದೆ. ಹಾಗಾಗಿ ಇದು ಬರೀ ಬುರುಡೆ ಅಂತ ತಳ್ಳಿಹಾಕುವ ಹಾಗಿಲ್ಲ.

ಮೆಕೂಲಮ್ ಅವರ ಪ್ರಯೋಗಾಲಯದಲ್ಲೇ 1992ರಲ್ಲಿ ಇನ್ನೊಂದು ವಸ್ತು ಸಿಕ್ಕಿತು. ನಮ್ಮ ಮೆದುಳು ತಾನೇ ತಯಾರಿಸಿಕೊಳ್ಳುವ ವಸ್ತು, ಟಿಎಚ್‌ಸಿ ಹೋಗಿ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ಅದಕ್ಕೆ ಅನಂದಮೈಡ್ ಅಂತ ಹೆಸರಿಟ್ಟರು. ನಮ್ಮ ‘ಆನಂದ’ವೇ ಅದು. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಭಾವನ ತಲೆಯೊಳಗೂ ಆ ಹೆಸರಿನದೊಂದು ವಸ್ತು ದಿನಾ ತಯಾರಾಗುತ್ತಿದೆ ಅಲ್ವಾ ಅಂತ.

ಭಯಕ್ಕೂ ಇದಕ್ಕೂ ಏನು ಸಂಬಂಧ? ಇಲ್ಲಿ ನಮ್ಮ ಎಮ್ಮೆಯ ಕಥೆ ಹೇಳಬೇಕು.

ನಾನು ಚಿಕ್ಕವನಿದ್ದಾಗ ತೋಟದ ಪಂಪ್‌ಹೌಸ್ ಹತ್ತಿರ ಒದ್ದೆ ವೈರು ತಗುಲಿ ನಮ್ಮ ಎಮ್ಮೆಗೆ ಕರೆಂಟ್ ಹೊಡೆಯಿತು. ಬದುಕಿತು. ಆದರೆ ಆಮೇಲೆ ಆ ಕಡೆ ಹೆಜ್ಜೆ ಇಡಲಿಲ್ಲ. ಮೋಟಾರ್ ಸದ್ದು ಕೇಳಿದರೆ ಹಗ್ಗ ಕಿತ್ತುಕೊಂಡು ಓಡುತ್ತಿತ್ತು. ಅಪ್ಪ ಹೊಡೆಯಲಿಲ್ಲ, ಎಳೆಯಲೂ ಇಲ್ಲ. ದಿನಾ ಒಂದು ಹಿಡಿ ಕಡಲೆಕಾಯಿ ಹಿಂಡಿ ತಗೊಂಡು ಅದನ್ನು ಪಂಪ್‌ಹೌಸ್ ಕಡೆ ನಡೆಸುತ್ತಿದ್ದರು. ಮೊದಲ ದಿನ ಹುಣಸೇಮರದ ತನಕ. ವಾರದ ಮೇಲೆ ಕಾಲುವೆ ತನಕ. ಎಮ್ಮೆ ನಿಂತ ಕಡೆ ತಾವೂ ನಿಂತು ಕುತ್ತಿಗೆ ಸವರುತ್ತಿದ್ದರು. ಎರಡು ತಿಂಗಳಿಗೆ ಅದು ಪಂಪ್‌ಹೌಸ್ ಗೋಡೆಗೆ ಮೈ ಉಜ್ಜತೊಡಗಿತು. ವರ್ಷದ ಮೇಲೆ ಒಂದು ದಿನ ಯಾರೋ ಪಟಾಕಿ ಹೊಡೆದಾಗ ಮತ್ತೆ ಹಗ್ಗ ಕಿತ್ತು ಓಡಿತು. ಅಂದರೆ ಹಳೇ ಭಯ ಎಲ್ಲಿಗೂ ಹೋಗಿರಲಿಲ್ಲ. ಅದರ ಪಕ್ಕದಲ್ಲಿ ‘ಇಲ್ಲಿ ಈಗ ಏನೂ ಆಗಲ್ಲ’ ಅನ್ನುವ ಹೊಸ ಪಾಠ ಬಂದು ಕೂತಿತ್ತು, ಅಷ್ಟೇ. ದಿನದಿನಕ್ಕೆ ಯಾವುದು ಗಟ್ಟಿ ಅನ್ನುವುದೇ ಪ್ರಶ್ನೆ.

ವಿಜ್ಞಾನಿಗಳು ಹೇಳುವುದೂ ಇದನ್ನೇ. 2002ರಲ್ಲಿ ಇಲಿಗಳ ಮೇಲೆ ಒಂದು ಪ್ರಸಿದ್ಧ ಪ್ರಯೋಗ ನಡೆಯಿತು. ಅನಂದಮೈಡ್ ಹೋಗಿ ಕೂರುವ ಜಾಗವೇ ಇಲ್ಲದ ಇಲಿಗಳಿಗೂ, ಮಾಮೂಲಿ ಇಲಿಗಳಿಗೂ ಒಂದು ಸದ್ದು ಕೇಳಿಸಿ ಸಣ್ಣ ಶಾಕ್ ಕೊಟ್ಟರು. ಆಮೇಲೆ ಶಾಕ್ ನಿಲ್ಲಿಸಿ ಸದ್ದು ಮಾತ್ರ ಕೇಳಿಸುತ್ತ ಹೋದರು. ಮಾಮೂಲಿ ಇಲಿಗಳು ನಿಧಾನಕ್ಕೆ ಹೆದರುವುದನ್ನು ಬಿಟ್ಟವು. ಆ ಜಾಗ ಇಲ್ಲದವು ಮಾತ್ರ ಮರಗಟ್ಟಿ ನಿಲ್ಲುತ್ತಲೇ ಇದ್ದವು. ಭಯ ಕಲಿಯಲು ಅವಕ್ಕೆ ತೊಂದರೆ ಇರಲಿಲ್ಲ. ಹೊಸ ಪಾಠ ಕೂರುತ್ತಿರಲಿಲ್ಲ. ಸಿಬಿಡಿ ನಮ್ಮ ಅನಂದಮೈಡ್ ಬೇಗ ಖರ್ಚಾಗದಂತೆ ನೋಡಿಕೊಳ್ಳುತ್ತದೆ ಅನ್ನುವುದು ಒಂದು ವಾದ. ಮೆದುಳಿನ ಇನ್ನೊಂದು ರಾಸಾಯನಿಕವಾದ ಸೆರೊಟೋನಿನ್ ಕೂರುವ ಒಂದು ಜಾಗದ ಮೇಲೂ ಅದು ಕೆಲಸ ಮಾಡುತ್ತದೆ ಅನ್ನುವುದು ಇನ್ನೊಂದು.

ಮನುಷ್ಯರ ಮೇಲೆ 2013ರಲ್ಲಿ ಲಂಡನ್ನಿನಲ್ಲಿ ಮಾಡಿ ನೋಡಿದರು. ಆರೋಗ್ಯವಾಗಿದ್ದ 48 ಜನ. ಪರದೆಯ ಮೇಲೆ ಒಂದು ಬಣ್ಣದ ಡಬ್ಬ ಕಂಡಾಗ ಸಣ್ಣ ಶಾಕ್. ಆಮೇಲೆ ಶಾಕ್ ಇಲ್ಲದೆ ಬರೀ ಡಬ್ಬ, ಮತ್ತೆ ಮತ್ತೆ. ಕೆಲವರಿಗೆ ಈ ಎರಡನೇ ಪಾಠ ಮುಗಿದ ಕೂಡಲೇ 32 ಮಿಲಿಗ್ರಾಂ ಸಿಬಿಡಿ ಉಸಿರಿನ ಮೂಲಕ ಕೊಟ್ಟರು. ಕೆಲವರಿಗೆ ಬರೀ ಹೊಗೆಯಂಥ ಆವಿ. ಎರಡು ದಿನ ಬಿಟ್ಟು ನೋಡಿದಾಗ ಪಾಠದ ನಂತರ ಸಿಬಿಡಿ ತೆಗೆದುಕೊಂಡವರು ಶಾಕ್ ಬರಬಹುದು ಅಂತ ಕಾಯುವುದು ಕಡಿಮೆಯಾಗಿತ್ತು.

ಈ ಒಂದು ವಿಷಯ ನನ್ನ ಯೋಚನೆಯನ್ನೇ ಬದಲಿಸಿತು. ಪಾಠದ ನಂತರ. ಹಿಂಡಿ ತಿನ್ನಿಸಿ ಪಂಪ್‌ಹೌಸ್ ಹತ್ತಿರ ನಡೆಸಿದ ಮೇಲೆ. ಹಾಗಾದರೆ ಭಾವ ಬಾಗಿಲು ಹಾಕಿಕೊಂಡು, ಟೊಮೆಟೊ ಮುಖ ನೋಡದೆ, ರಾತ್ರಿ ನಾಲಿಗೆ ಕೆಳಗೆ ನಾಲ್ಕು ಹನಿ ಬಿಟ್ಟುಕೊಂಡು ಮಲಗಿದರೆ ಅದು ಯಾವ ಪಾಠವನ್ನು ಗಟ್ಟಿ ಮಾಡುತ್ತದೆ? ಅಂಥ ಪಾಠವೇ ನಡೆದಿಲ್ಲವಲ್ಲ.

ಇನ್ನು ನಿಜವಾದ ಪಿಟಿಎಸ್‌ಡಿ ರೋಗಿಗಳ ಮೇಲೆ ನಡೆದ ಕೆಲಸ. ಮಗ ನೋಡಿದ ವಿಡಿಯೋದಲ್ಲಿ ‘ಶೇಕಡಾ 91 ಜನರಿಗೆ ಗುಣ’ ಅಂತ ಇತ್ತು. ಅದರ ಮೂಲ ಹುಡುಕಿದೆ. 2019ರಲ್ಲಿ ಅಮೆರಿಕದ ಕೊಲೊರಾಡೋದ ಒಂದು ಕ್ಲಿನಿಕ್‌ನಿಂದ ಬಂದ ವರದಿ. ಒಟ್ಟು ರೋಗಿಗಳು 11. ಎಂಟು ವಾರದಲ್ಲಿ ಅವರಲ್ಲಿ 10 ಜನರ ಲಕ್ಷಣ ಸ್ವಲ್ಪವಾದರೂ ಇಳಿಯಿತು, ಸರಾಸರಿ ಶೇಕಡಾ 28. ಗುಣವಾಯಿತು ಅಂತ ಅವರೆಲ್ಲೂ ಬರೆದಿಲ್ಲ. ಆ ಹನ್ನೊಂದು ಜನಕ್ಕೂ ಮಾಮೂಲಿ ಮಾನಸಿಕ ಚಿಕಿತ್ಸೆಯೂ ನಡೆಯುತ್ತಿತ್ತು. ಹೋಲಿಸಿ ನೋಡಲು ಸಿಬಿಡಿ ಕೊಡದ ಇನ್ನೊಂದು ಗುಂಪು ಇರಲಿಲ್ಲ. ಇದು ‘ಮುಂದೆ ಪರೀಕ್ಷೆ ಮಾಡಲು ಯೋಗ್ಯ’ ಅನ್ನುವ ಸುಳಿವು. ಸಾಲ ಮಾಡಿ ಬಾಟಲಿ ಕೊಳ್ಳಲು ಸಾಲುವ ಪುರಾವೆ ಅಲ್ಲ.

ಹೋಲಿಕೆ ಗುಂಪು ಇಟ್ಟುಕೊಂಡು ಮಾಡಿದ್ದೂ ಇದೆ. 2021ರಲ್ಲಿ ಪ್ರಕಟವಾಯಿತು. 80 ಜನ ಅಮೆರಿಕದ ಮಾಜಿ ಸೈನಿಕರು, ಎಲ್ಲರಿಗೂ ಪಿಟಿಎಸ್‌ಡಿ. ನಾಲ್ಕು ಬಗೆಯ ಸೊಪ್ಪು: ಟಿಎಚ್‌ಸಿ ಜಾಸ್ತಿ ಇರುವುದು, ಸಿಬಿಡಿ ಜಾಸ್ತಿ ಇರುವುದು, ಎರಡೂ ಸಮ ಇರುವುದು, ಎರಡನ್ನೂ ತೆಗೆದ ಖಾಲಿ ಸೊಪ್ಪು. ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿಲ್ಲ, ಸೇದುವವರಿಗೂ ಗೊತ್ತಿಲ್ಲ. ಮೂರು ವಾರ. ಫಲಿತಾಂಶ ಏನು ಗೊತ್ತಾ? ಎಲ್ಲ ಗುಂಪಿನಲ್ಲೂ ಕಾಯಿಲೆ ಇಳಿದಿತ್ತು. ಖಾಲಿ ಸೊಪ್ಪು ಸೇದಿದವರಲ್ಲೂ ಚೆನ್ನಾಗಿಯೇ ಇಳಿದಿತ್ತು. ಸಿಬಿಡಿ ಜಾಸ್ತಿ ಇದ್ದ ಗುಂಪು ಖಾಲಿ ಸೊಪ್ಪಿನವರಿಗಿಂತ ಮೇಲಾಗಲಿಲ್ಲ.

ಸೇದಿದ ಸೊಪ್ಪಿಗೂ ಬಾಯಿಗೆ ಬಿಡುವ ಎಣ್ಣೆಗೂ ವ್ಯತ್ಯಾಸ ಇದೆ, ಮೂರು ವಾರ ಕಮ್ಮಿ ಸಮಯ, ಒಪ್ಪುತ್ತೇನೆ. ಆದರೂ ನಾನು ಆ ಖಾಲಿ ಸೊಪ್ಪಿನ ಗುಂಪಿನ ಬಗ್ಗೆ ಬಹಳ ದಿನ ಯೋಚಿಸಿದೆ. ಅವರಿಗೆ ಔಷಧಿ ಸಿಗಲಿಲ್ಲ. ಸಿಕ್ಕಿದ್ದೇನು? ಯಾರೋ ಒಬ್ಬರು ಕೂರಿಸಿಕೊಂಡು ರಾತ್ರಿ ಹೇಗೆ ಮಲಗಿದಿರಿ, ಯಾವ ಕನಸು ಬಿತ್ತು, ಯಾವುದಕ್ಕೆ ಹೆದರಿದಿರಿ ಅಂತ ಕೇಳಿದರು. ಬರೆದುಕೊಂಡರು. ಮತ್ತೆ ಬನ್ನಿ ಅಂದರು. ಇದೇ ಕಾರಣ ಅಂತ ಆ ವರದಿ ಹೇಳುವುದಿಲ್ಲ, ಇದು ನನ್ನ ಅನ್ನಿಸಿಕೆ. ನಮ್ಮ ಭಾವನನ್ನು ಏಳು ತಿಂಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಸ್ಟ್ರಿಪ್ ಕೊಟ್ಟು ಚಿಲ್ಲರೆ ಎಣಿಸಿದ್ದೆ.

ಬ್ರೆಜಿಲ್‌ನಲ್ಲಿ 33 ರೋಗಿಗಳಿಗೆ ಅವರ ಆಘಾತದ ಕಥೆಯನ್ನು ಅವರದೇ ದನಿಯಲ್ಲಿ ಕೇಳಿಸುವ ಮೊದಲು 300 ಮಿಲಿಗ್ರಾಂ ಸಿಬಿಡಿ, ಇಲ್ಲವೇ ಖಾಲಿ ಮಾತ್ರೆ ಕೊಟ್ಟು ನೋಡಿದರು. ಆತಂಕದಲ್ಲಿ ಎರಡು ಗುಂಪಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕೇಳಿದ ಮೇಲೆ ತಲೆ ಮಂಕಾಗುವುದು ಮಾತ್ರ ಸಿಬಿಡಿ ತೆಗೆದುಕೊಂಡವರಲ್ಲಿ ಕಡಿಮೆ ಇತ್ತು. ಅಮೆರಿಕದ ಮಾಜಿ ಸೈನಿಕರ ಇಲಾಖೆ 2023ರ ಮಾರ್ಗಸೂಚಿಯಲ್ಲೂ ಪಿಟಿಎಸ್‌ಡಿಗೆ ಗಾಂಜಾ ಅಥವಾ ಅದರಿಂದ ತೆಗೆದ ಯಾವುದನ್ನೂ ಬಳಸಬೇಡಿ ಅಂತಲೇ ಬರೆದಿದೆ. ‘ಮಿಲಿಟ್ರಿಯವರಿಗೆ ವಾಸಿಯಾಗ್ತಿದೆ’ ಅನ್ನುವ ಮಾತು ಎಲ್ಲಿಂದ ಬಂತೋ, ಆ ಮಿಲಿಟ್ರಿಯವರ ಇಲಾಖೆಯೇ ಹೀಗೆ ಹೇಳುತ್ತಿದೆ.

ಆಮೇಲೆ ಲೆಕ್ಕ. ಇದು ನನ್ನ ಕಸುಬು, ಹಾಗಾಗಿ ಬಿಡಲು ಆಗುವುದಿಲ್ಲ.

ಸಭೆಯಲ್ಲಿ ಮಾತಾಡುವಾಗ ಆಗುವ ಹೆದರಿಕೆಯ ಬಗ್ಗೆ ಬ್ರೆಜಿಲ್‌ನಲ್ಲಿ ನಡೆದ ಪ್ರಯೋಗಗಳಲ್ಲಿ 300 ಮಿಲಿಗ್ರಾಂ ಕೆಲಸ ಮಾಡಿತು. 100 ಮಾಡಲಿಲ್ಲ, 900 ಕೂಡ ಮಾಡಲಿಲ್ಲ. ಕಡಿಮೆಯಾದರೂ ಇಲ್ಲ, ಜಾಸ್ತಿಯಾದರೂ ಇಲ್ಲ. ಸರಿ, ದಿನಕ್ಕೆ 300 ಅಂತ ಇಟ್ಟುಕೊಳ್ಳಿ. ಬಾಟಲಿಯಲ್ಲಿರುವ 1000 ಮಿಲಿಗ್ರಾಮೂ ಶುದ್ಧ ಸಿಬಿಡಿಯೇ ಅಂದುಕೊಂಡರೂ ಮೂರು ದಿನ ಮತ್ತೊಂದು ಹೊತ್ತಿಗೆ ಖಾಲಿ. ತಿಂಗಳಿಗೆ ಒಂಬತ್ತು ಬಾಟಲಿ, ಮೂವತ್ತೊಂದೂವರೆ ಸಾವಿರ ರೂಪಾಯಿ. ಅಕ್ಕನ ಮನೆಯ ತಿಂಗಳ ಖರ್ಚು ಅದರ ಅರ್ಧವೂ ಇಲ್ಲ. ಚೀಟಿಯಲ್ಲಿ ಬರೆದಿದ್ದ ಹಾಗೆ ದಿನಕ್ಕೆ ಎಂಟು ಹನಿ ಹಾಕಿದರೆ ಹೊಟ್ಟೆಗೆ ಹೋಗುವುದು ಹದಿನೈದು ಮಿಲಿಗ್ರಾಮೂ ಇಲ್ಲ.

ಅದೂ ಶುದ್ಧ ಸಿಬಿಡಿ ಆಗಿದ್ದರೆ. ಲೇಬಲ್ ಹೇಳುತ್ತಿದ್ದದ್ದು ‘ವಿಜಯ ಸಾರ’ ಅಂತ. ಗಿಡದ ಎಲ್ಲ ರಾಸಾಯನಿಕಗಳೂ ಸೇರಿದ ಸಾರ. ಅದರಲ್ಲಿ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು ಅಂತ ಬೇರೆಬೇರೆಯಾಗಿ ಎಲ್ಲೂ ಬರೆದಿರಲಿಲ್ಲ. ಮೊದಲೇ ಬೆಚ್ಚಿಬೀಳುವ ಮನುಷ್ಯನಿಗೆ ಟಿಎಚ್‌ಸಿ ಜಾಸ್ತಿಯಾದರೆ ಆತಂಕ ಇನ್ನೂ ಏರಬಹುದು. ಮುಂದೊಂದು ದಿನ ಮತ್ತೆ ಸ್ಟೀರಿಂಗ್ ಹಿಡಿಯಬೇಕು ಅಂತ ಆಸೆ ಇಟ್ಟುಕೊಂಡ ಡ್ರೈವರ್‌ನ ರಕ್ತದಲ್ಲಿ ಅದು ಇರಬಾರದು.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಅನ್ನುವುದು ಹೂ ಕಾಯಿ ಬಿಟ್ಟ ತುದಿಗಳನ್ನು. ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಆಯುರ್ವೇದದಲ್ಲಿ ಈ ಗಿಡದ ಹೆಸರೇ ವಿಜಯ. ಅದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡಬೇಕಾದ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಹಾಗಾಗಿ ಚೀಟಿ ಇದ್ದರೆ ಬಾಟಲಿ ಮನೆಗೆ ಬರುತ್ತದೆ. ಬರುತ್ತದೆ ಅನ್ನುವುದಕ್ಕೂ ಈ ಕಾಯಿಲೆಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೂ ಸಂಬಂಧ ಇಲ್ಲ.

ಕಾನೂನಿಗಿಂತ ನನಗೆ ಹೆದರಿಕೆ ಆಗಿದ್ದು ಬೇರೆ ವಿಷಯಕ್ಕೆ. ಆ ಐದು ನಿಮಿಷದ ವಿಡಿಯೋ ಕಾಲಿನಲ್ಲಿ ಬೇರೆ ಏನು ಮಾತ್ರೆ ತಗೋತಿದ್ದೀರಿ ಅಂತ ಕೇಳಿರಲಿಲ್ಲ. ಸಿಬಿಡಿ ಲಿವರ್‌ನಲ್ಲಿ ಔಷಧಿ ಕರಗಿಸುವ ಕೆಲವು ಕಿಣ್ವಗಳನ್ನು ತಡೆಯುತ್ತದೆ. ಸಿಟಲೋಪ್ರಾಮ್ ಗುಂಪಿನ ಮಾತ್ರೆಯ ಜೊತೆ ದಿನಕ್ಕೆ 200ರಿಂದ 800 ಮಿಲಿಗ್ರಾಂ ಸಿಬಿಡಿ ಕೊಟ್ಟಾಗ ರಕ್ತದಲ್ಲಿ ಆ ಮಾತ್ರೆಯ ಮಟ್ಟ ಏರಿತು ಅಂತ 2021ರ ಒಂದು ಅಧ್ಯಯನ ತೋರಿಸಿದೆ. ಭಾವ ತೆಗೆದುಕೊಳ್ಳುತ್ತಿದ್ದದ್ದು ಅದೇ ಗುಂಪಿನದು. ಜಾಸ್ತಿ ಪ್ರಮಾಣದಲ್ಲಿ ಲಿವರ್ ಪರೀಕ್ಷೆಯ ಅಂಕಿಗಳೂ ಏರುತ್ತವೆ. ಎಣ್ಣೆ ತುಪ್ಪದ ಊಟದ ಜೊತೆ ತೆಗೆದುಕೊಂಡರೆ ಖಾಲಿ ಹೊಟ್ಟೆಗಿಂತ ನಾಲ್ಕು ಪಟ್ಟು ಸಿಬಿಡಿ ಮೈಗೆ ಹಿಡಿಯುತ್ತದೆ. ಒಂದೇ ಹನಿ, ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ. ದಯವಿಟ್ಟು ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ಡಾಕ್ಟರಿಗೆ ಮುಚ್ಚಿಡಬೇಡಿ.

ಇಷ್ಟೆಲ್ಲ ಓದಿ ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ಬಾಟಲಿ ಜೇಬಿನಲ್ಲಿತ್ತು. ಭಾವನಿಂದ ಏನೂ ಬಚ್ಚಿಡಬಾರದು ಅಂತ ತೀರ್ಮಾನ ಮಾಡಿದ್ದೆ. ಜಗಲಿ ಮೇಲೆ ಕೂತು ಎಲ್ಲ ಹೇಳಿದೆ. ಮಗನೂ ಇದ್ದ. ಭಾವ ಬಾಟಲಿಯನ್ನು ಎರಡು ಸಲ ತಿರುಗಿಸಿ ನೋಡಿದರು.

‘ಇದು ಕುಡಿದರೆ ಆ ಹುಡುಗ ಮರೆತು ಹೋಗ್ತಾನೇನಪ್ಪಾ?’

‘ಇಲ್ಲ ಭಾವ. ಮರೆಸೋ ಔಷಧಿ ಅಲ್ಲ ಇದು. ಇದು ಕೆಲಸ ಮಾಡಿದರೂ ಹೆದರಿಕೆ ಇಳಿಸೋಕೆ ಒಂದು ಕೈ ಕೊಡಬಹುದು, ಅಷ್ಟೇ. ಅದೂ ನೀವು ಅದರ ಎದುರಿಗೆ ಕೂತಾಗ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ‘ಮರೆಸೋದಾಗಿದ್ದರೆ ನಂಗೆ ಬೇಡ. ಅವನು ಕೊನೇಗೆ ಏನು ಮಾತಾಡ್ದ ಅಂತ ಗೊತ್ತಿರೋದು ನಂಗೊಬ್ಬನಿಗೆ. ಅವರಮ್ಮನಿಗೂ ನಾನು ಹೇಳಿಲ್ಲ.’

ಮೂರು ವರ್ಷದಲ್ಲಿ ಆ ರಾತ್ರಿಯ ಬಗ್ಗೆ ಅವರು ಬಾಯಿ ಬಿಟ್ಟಿದ್ದು ಅದೇ ಮೊದಲು. ಮಗ ತಲೆ ತಗ್ಗಿಸಿ ಅಳುತ್ತಿದ್ದ. ಒಳಗೆ ಅಕ್ಕನ ಪಾತ್ರೆ ಸದ್ದು ನಿಂತಿತು.

ನಾವೆಲ್ಲ ಅಷ್ಟು ದಿನ ಹುಡುಕಿದ್ದು ಮರೆಸುವ ಔಷಧಿಯನ್ನು. ಅವರಿಗೆ ಬೇಕಾಗಿದ್ದದ್ದು ನೆನಪಿನ ಜೊತೆ ಬದುಕುವ ದಾರಿ.

ಆಮೇಲೆ 14416ಕ್ಕೆ ಫೋನ್ ಮಾಡಿದೆವು. ಟೆಲಿ ಮಾನಸ್, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಂದ ದಾರಿ ಕೇಳಿಕೊಂಡು ಬೆಂಗಳೂರಿನ ಒಂದು ಆಸ್ಪತ್ರೆಯ ಸೈಕಾಲಜಿಸ್ಟ್ ಹತ್ತಿರ ಹೋದೆವು. ಎಡ್ನಾ ಫೋವಾ ಎಂಬ ತಜ್ಞೆ ರೂಪಿಸಿದ ಚಿಕಿತ್ಸೆ. ಮಾಮೂಲಿಯಾಗಿ ಎಂಟರಿಂದ ಹದಿನೈದು ವಾರ, ಪ್ರತಿ ಸಲ ಒಂದೂವರೆ ಗಂಟೆ. ಅದೇ ಒಂದೂವರೆ ಗಂಟೆ. ಭಾವ ಕಣ್ಣು ಮುಚ್ಚಿ ಆ ರಾತ್ರಿಯನ್ನು ಈಗ ನಡೆಯುತ್ತಿದೆ ಅನ್ನುವ ಹಾಗೆ ಜೋರಾಗಿ ಹೇಳಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಮನೆಯಲ್ಲಿ ದಿನಾ ಕೇಳಬೇಕು. ಮೊದಲ ವಾರ ಬಸ್ಸಿನಲ್ಲಿ ವಾಪಸ್ ಬರುವಾಗ ಇನ್ನು ಬರಲ್ಲ ಅಂದರು. ಎರಡನೇ ವಾರವೂ ಹಾಗೇ ಅಂದರು. ಆದರೂ ಹೊರಟರು. ಇದು ಸುಲಭದ ಚಿಕಿತ್ಸೆ ಅಲ್ಲ. ಅರ್ಧಕ್ಕೆ ಬಿಡುವವರು ಬಹಳ ಜನ ಇದ್ದಾರೆ.

ಹೀಗೆ ಬಿಟ್ಟು ಹೋಗುವವರಿಗಾಗಿಯೇ ಸಿಬಿಡಿ ಸಂಶೋಧನೆ ನಡೆಯಬೇಕು ಅಂತ ನನ್ನ ಆಸೆ. ಎದುರಿಗೆ ಕೂರುವ ಆ ಒಂದೂವರೆ ಗಂಟೆಯ ಜೊತೆಗೆ ಶುದ್ಧ ಸಿಬಿಡಿ ಸೇರಿಸಿದರೆ ಪಾಠ ಬೇಗ ಕೂರುತ್ತದಾ? ಅರ್ಧಕ್ಕೆ ಬಿಡುವವರು ಕಡಿಮೆ ಆಗುತ್ತಾರಾ? ಕೇಳಬೇಕಾದ ಪ್ರಶ್ನೆ ಇದು. ನಮ್ಮಲ್ಲೂ ನಡೆಯಲಿ, ನಮ್ಮ ಟ್ರಯಲ್ ರಿಜಿಸ್ಟ್ರಿಯಲ್ಲಿ ನೋಂದಣಿ ಮಾಡಿ, ನೂರಾರು ಜನರ ಮೇಲೆ, ಖಾಲಿ ಎಣ್ಣೆಯ ಗುಂಪೂ ಇಟ್ಟುಕೊಂಡು. ಸೈನಿಕರು ಮಾತ್ರ ಯಾಕೆ, ಹೈವೇ ಡ್ರೈವರುಗಳು, ಕ್ಲೀನರುಗಳು, ಆ್ಯಂಬುಲೆನ್ಸ್ ಓಡಿಸುವವರು, ಕ್ವಾರಿಯಲ್ಲಿ ಬ್ಲಾಸ್ಟ್ ನೋಡಿದವರು ಇರಲಿ. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆ ಇರುವವರಲ್ಲಿ ಶೇಕಡಾ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ. ಎದುರಿಗೆ ಕೂತು ಕೇಳುವವರೇ ಕಡಿಮೆ. ಅವರ ಅರ್ಧ ಸಮಯ ಉಳಿಸುವ ಔಷಧಿ ಒಂದು ಸಿಕ್ಕರೂ ಎಷ್ಟು ಮನೆಗೆ ಬೆಳಕಾಗುತ್ತದೆ ಅಂತ ಯೋಚಿಸಿ.

ಬಾಟಲಿ ನನ್ನ ಅಂಗಡಿಯ ಕೆಳಗಿನ ಡ್ರಾಯರಿನಲ್ಲಿದೆ. ಸೀಲ್ ಒಡೆದಿಲ್ಲ. ಅಕ್ಕನ ಮಗನಿಗೆ ಅದರ ದುಡ್ಡು ನಾನೇ ಕೊಟ್ಟೆ. ಅವನು ಮಾಡಿದ್ದು ಅಪ್ಪನ ಮೇಲಿನ ಪ್ರೀತಿಯಿಂದ.

ಸೈಕಾಲಜಿಸ್ಟ್ ಒಂದು ಪಟ್ಟಿ ಬರೆಸಿದ್ದಾರೆ. ಭಾವ ಯಾವುದಕ್ಕೆ ಎಷ್ಟು ಹೆದರುತ್ತಾರೆ ಅಂತ ಸೊನ್ನೆಯಿಂದ ನೂರರ ತನಕ ಅಂಕ. ಮಗನ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಭಾವನ ಕೈಬರಹ. ಟೊಮೆಟೊ ಚಿತ್ರ, 30. ಖಾಲಿ ಕ್ರೇಟ್, 45. ಹಣ್ಣು ಮನೆಯಲ್ಲಿ, 60. ಮಂಡಿ ಗೇಟು, 75. ಕ್ಯಾಬಿನ್ ಹತ್ತಿ ಕೂರುವುದು, 90. ಮೊಗಿಲಿ ಘಾಟ್, 100. ಕೊನೆಯಲ್ಲಿ ಇನ್ನೊಂದು ಸಾಲು ಇದೆ, ಅದರ ಮುಂದೆ ಅಂಕ ಹಾಕಿಲ್ಲ. ‘ಹುಡುಗನ ಅಮ್ಮನ ಹತ್ತಿರ ಮಾತಾಡೋದು.’

ಮೊನ್ನೆ ಭಾನುವಾರ ಹೋದಾಗ ಭಾವ ಮನೆಯಲ್ಲಿರಲಿಲ್ಲ. ಸಂಜೆ ನಡೆದುಕೊಂಡು ಬಂದರು. ಕೈಯಲ್ಲಿ ಒಂದು ಕವರ್. ಅರ್ಧ ಕೆ.ಜಿ. ಇರಬಹುದು. ಮೈಯಿಂದ ದೂರ ಹಿಡಿದುಕೊಂಡು ಬಂದಿದ್ದರು, ಅಂಗಿ ಬೆನ್ನು ಪೂರ್ತಿ ಒದ್ದೆ. ಜಗಲಿಯ ತುದಿಯಲ್ಲಿ, ಚಪ್ಪಲಿ ಬಿಡುವ ಕಡೆ ಇಟ್ಟರು. ಅಕ್ಕ ತಗೊಳ್ಳಲು ಬಗ್ಗಿದಳು.

‘ಒಳಗೆ ಬೇಡ ಕಣೇ. ಇವತ್ತು ಇಲ್ಲೇ ಇರಲಿ.’

ನಾನು ಹೊರಡುವಾಗ ಕತ್ತಲಾಗಿತ್ತು. ಕವರ್ ಅಲ್ಲೇ ಇತ್ತು, ಬಾಯಿ ಬಿಚ್ಚಿ. ಭಾವ ಅದಕ್ಕೆ ಎರಡು ಮಾರು ದೂರದಲ್ಲಿ ಚಾಪೆ ಹಾಕಿಕೊಂಡು ಕೂತಿದ್ದರು. ಅಕ್ಕ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.